ಔಟ್ ಕೊಟ್ಟವನೇ ಒಳಗೆ ಕರೆಯಬೇಕು

ದಯಾನಂದ ಸೋಮವಾರ ಸಂಜೆ ಏಳು ಗಂಟೆಯ ಹೊತ್ತಿಗೆ ಉಲ್ಹಾಸನಗರದಲ್ಲಿ ತೀರಿಕೊಂಡ. ವಯಸ್ಸು ಅರವತ್ತೆರಡು. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಬುಧವಾರ ಬೆಳಿಗ್ಗೆ ಕಲ್ಯಾಣದಲ್ಲಿ ಮಣ್ಣು ಮಾಡಿದರು.

ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಡೊಂಬಿವಲಿಯ ಕನ್ನಡ ಸಭೆಯವರು, ಇನ್ನರ್ಧ ಕಬಡ್ಡಿಯವರು. ಸಭೆಯವರು ಕೀರ್ತನೆ ಎತ್ತಿಕೊಂಡಾಗ ಕಬಡ್ಡಿಯವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಟ್ರ್ಯಾಕ್‌ಸೂಟಿನಲ್ಲೇ ಬಂದಿದ್ದ ಆ ಗಟ್ಟಿ ಆಳುಗಳು ರಾಷ್ಟ್ರಗೀತೆಗೆ ನಿಂತಂತೆ ಎದೆಯುಬ್ಬಿಸಿ ಸಾಲಾಗಿ ನಿಂತರು. ದಯಾನಂದ ಇದ್ದಿದ್ದರೆ ಅಂಥ ಸಾಲನ್ನು ನೋಡಿ ಖುಷಿಪಡುತ್ತಿದ್ದ. ಅವನಿಗೆ ಖುಷಿಪಡುವುದು ಬಹಳ ಸುಲಭವಾಗಿತ್ತು. ಬಿಸಿ ವಡಾಪಾವ್, ಖಾಲಿ ಬಂದ ಲೋಕಲ್ ರೈಲು, ರೇಡರನ ಕಾಲನ್ನು ಸರಿಯಾದ ಕ್ಷಣಕ್ಕೆ ಹಿಡಿದ ಮೂಲೆಯ ಆಟಗಾರ, ಇಷ್ಟು ಸಾಕು, ಮುಖ ಅರಳುತ್ತಿತ್ತು. ಕಳೆದ ಒಂದು ತಿಂಗಳಂತೂ ಅವನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಹುಟ್ಟಿದ್ದು ಗದಗದ ಪಕ್ಕದ ಬೆಟಗೇರಿಯಲ್ಲಿ. ಮೂರು ತಲೆಮಾರಿನ ಕ್ರೈಸ್ತ ಮನೆತನ. ಅಪ್ಪ ಮಿಷನ್ ಆಸ್ಪತ್ರೆಯಲ್ಲಿ ಕಂಪೌಂಡರ್. ಇಪ್ಪತ್ತೊಂದನೆಯ ವಯಸ್ಸಿಗೆ ದಯಾನಂದ ಕಲ್ಯಾಣದ ರೈಲ್ವೆ ಶೆಡ್ಡಿಗೆ ಖಲಾಸಿಯಾಗಿ ಬಂದ. ಶೆಡ್ಡಿನ ಕಬಡ್ಡಿ ತಂಡಕ್ಕೆ ರೇಡರ್ ಆದ. ಮೂವತ್ತೊಂದಕ್ಕೆ ಬಲ ಮೊಣಕಾಲು ತಿರುಚಿ ಆಟ ನಿಂತಿತು. ಹಾಸಿಗೆಯ ಮೇಲೆ ಮುಖ ತಿರುಗಿಸಿ ಮಲಗಿದ್ದವನಿಗೆ ಶೆಡ್ಡಿನ ಹಿರಿಯ ಆಟಗಾರರೊಬ್ಬರು ಒಂದು ಸೀಟಿ ತಂದುಕೊಟ್ಟು, ಓಡಲಿಕ್ಕೆ ಆಗದಿದ್ದರೆ ಊದು ಎಂದರಂತೆ. ಠಾಣೆಯಲ್ಲಿ ಪರೀಕ್ಷೆ ಬರೆದು ಪಾಸಾದ. ಅಲ್ಲಿಂದ ಮೂವತ್ತೊಂದು ವರ್ಷ ಊದಿದ. ಮರಾಠಿಯಲ್ಲಿ ಆಟದ ತೀರ್ಪುಗಾರನನ್ನು ಪಂಚ ಎನ್ನುತ್ತಾರೆ. ಠಾಣೆಯಿಂದ ಬದ್ಲಾಪುರದವರೆಗೆ ಮಣ್ಣಿನ ಮೈದಾನ ಇದ್ದಲ್ಲೆಲ್ಲ ಅವನು ದಯಾ ಪಂಚ.

ಅವನ ಒಂದು ಪದ್ಧತಿ ಎಲ್ಲರಿಗೂ ಗೊತ್ತಿತ್ತು. ಪಂದ್ಯ ಮುಗಿಯುವವರೆಗೆ ಯಾವ ಆಟಗಾರನ ಹೆಸರನ್ನೂ ಕೇಳುತ್ತಿರಲಿಲ್ಲ. “ಹೆಸರು ಗೊತ್ತಾತಂದ್ರ ಕಣ್ಣು ಕೆಡತಾವ. ನಾನು ನೋಡೂದು ಕೈ, ಕಾಲು, ಗೆರಿ. ಅಷ್ಟ. ಅಂವ ಒಳ್ಳೆಯಂವ ಏನು ಕೆಟ್ಟಂವ ಏನು, ಅದು ನನ್ನ ಖಾತೆ ಅಲ್ಲ” ಎನ್ನುತ್ತಿದ್ದ. ಮನೆಯಲ್ಲಿಯೂ ಈ ಚಟ ಬಿಟ್ಟಿರಲಿಲ್ಲ. ಟಿ.ವಿ.ಯಲ್ಲಿ ಪಂದ್ಯ ನೋಡುತ್ತ ಸೀಟಿ ಊದಿದರೆ ಹೆಂಡತಿ ಸೌಭಾಗ್ಯ ಅಡುಗೆಮನೆಯಿಂದ ಕೂಗುತ್ತಿದ್ದಳು: “ಊದಬ್ಯಾಡ್ರೀ! ಕುಕ್ಕರ್ ಎಷ್ಟು ಸೀಟಿ ಹೊಡೀತು ಅಂತ ನನಗ ಲೆಕ್ಕ ತಪ್ಪತೈತಿ!”

ಭಾನುವಾರ ಮಧ್ಯಾಹ್ನ ಮಾತ್ರ ಮೈದಾನವಿಲ್ಲ. ಡೊಂಬಿವಲಿ ಪೂರ್ವದ ಒಂದು ಶಾಲೆಯ ಹಾಲ್‌ನಲ್ಲಿ ನಾಲ್ಕು ಗಂಟೆಗೆ ಕನ್ನಡ ಆರಾಧನೆ. ನಲವತ್ತು ಮನೆಗಳ ಸಭೆ. ಗದಗ, ಹುಬ್ಬಳ್ಳಿ, ಧಾರವಾಡದ ಕಡೆಯವರು ಅರ್ಧ. ಉಡುಪಿ, ಮೂಲ್ಕಿಯ ಕಡೆಯವರು ಅರ್ಧ. ಬಯಲುಸೀಮೆಯವರು ಕೀರ್ತನೆಯನ್ನು ಎಳೆದು ಹಾಡುತ್ತಾರೆ, ಕರಾವಳಿಯವರು ಓಡಿಸುತ್ತಾರೆ. ಮೂರನೆಯ ಚರಣದ ಹೊತ್ತಿಗೆ ಯಾರು ಎಲ್ಲಿದ್ದಾರೆ ಎಂಬುದು ದೇವರಿಗೇ ಗೊತ್ತು. ಈ ಎರಡನ್ನೂ ಒಟ್ಟಿಗೆ ಕೂಡಿಸಬಲ್ಲವಳು ಒಬ್ಬಳೇ ಇದ್ದಳು. ಅವಳು ರಮಿತಾ. ಮೂಲ್ಕಿಯವಳು, ಠಾಣೆಯ ಒಂದು ಆಸ್ಪತ್ರೆಯಲ್ಲಿ ನರ್ಸು, ಗಂಡ ತೀರಿಕೊಂಡ ಮೇಲೆ ಮಗಳು ತೃಪ್ತಿಯೊಂದಿಗೆ ಟಿಟ್ವಾಳಾದಲ್ಲಿ ಸಣ್ಣ ಫ್ಲ್ಯಾಟ್ ಮಾಡಿಕೊಂಡವಳು. ಹಾರ್ಮೋನಿಯಂ ಮುಂದೆ ಅವಳು ಕೂತು ಎಡಗೈ ಎತ್ತಿದರೆ ಗದಗವೂ ಮೂಲ್ಕಿಯೂ ಒಂದೇ ಉಸಿರಿಗೆ ನಿಲ್ಲುತ್ತಿದ್ದವು.

ಕಳೆದ ವರ್ಷ ಜೂನ್‌ನಲ್ಲಿ, ಮಂಗಳವಾರ ಬಂದ ಸಂಕಷ್ಟಿಯ ದಿನ, ಸಭೆಯವರೊಬ್ಬರು ತೆಗೆದ ಫೋಟೊ ಕಮಿಟಿಯ ವಾಟ್ಸಾಪ್ ಗುಂಪಿಗೆ ಬಂತು. ಟಿಟ್ವಾಳಾದ ಗಣಪತಿ ದೇವಸ್ಥಾನದ ಉದ್ದನೆಯ ಸಾಲು. ಸಾಲಿನಲ್ಲಿ ರಮಿತಾ. ಕೈಯಲ್ಲಿ ತೆಂಗಿನಕಾಯಿ, ಗರಿಕೆ, ಕೆಂಪು ದಾಸವಾಳ.

ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಕೂತಿತು. ಕಾರ್ಯದರ್ಶಿ ಕಮಲಾಕ್ಷ, ಉಡುಪಿಯವರು, ಬ್ಯಾಂಕಿನಿಂದ ನಿವೃತ್ತರಾದವರು, ಸಭೆಯ ನಿಯಮಗಳನ್ನು ತಾವೇ ಟೈಪು ಮಾಡಿ ಹೊಲಿದಿಟ್ಟವರು. ಕೆಟ್ಟ ಮನುಷ್ಯರಲ್ಲ. ರಮಿತಾಳ ಗಂಡ ಹೋದಾಗ ಎರಡು ದಿನ ಊಟ ಬಿಟ್ಟು ಓಡಾಡಿದವರೂ ಅವರೇ. ರಮಿತಾಳನ್ನು ಒಳಗೆ ಕರೆದರು.

“ಇದು ನೀವೇ ಅಲ್ವಾ?”

“ಹೌದು.”

“ಕೈ ಮುಗಿದ್ರಾ?”

“ಮುಗಿದೆ.”

ಕಮಲಾಕ್ಷ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರೂ ಕಮಿಟಿಯ ಹಿರಿಯರಲ್ಲೊಬ್ಬನಾದ ದಯಾನಂದನ ಕಡೆ ತಿರುಗಿದರು. “ಪಂಚರೇ, ನೀವು ಹೇಳಿ” ಎಂದರು ಯಾರೋ. ಆ ಕ್ಷಣ ದಯಾನಂದನಿಗೆ ಮೈದಾನದ ಹುರುಪು ಬಂತು. ಅವನು ಒಂದು ಉಸಿರು ಕೂಡ ತಡೆಯಲಿಲ್ಲ.

“ಮುಟ್ಟಿದ್ದು ಮುಟ್ಟಿದಂಗ. ಔಟ್!”

ಎರಡು ಜನ ನಕ್ಕರು. ಒಬ್ಬರು ತೊಡೆ ತಟ್ಟಿದರು. ರಮಿತಾ ನಗಲಿಲ್ಲ. ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವವರೆಗೆ ಕರ್ತನ ಭೋಜನವಿಲ್ಲ, ಹಾರ್ಮೋನಿಯಂ ಇಲ್ಲ ಎಂದು ಕಮಲಾಕ್ಷ ಓದಿ ಹೇಳಿದರು. ಅವಳು ದುಪಟ್ಟಾ ಸರಿಮಾಡಿಕೊಂಡು, ಟಿಟ್ವಾಳಾ ಗಾಡಿ ತಪ್ಪುತ್ತದೆ ಎಂದು ಹೇಳಿ ಹೋದಳು.

ಹೋದಳು, ಆದರೆ ಬಿಡಲಿಲ್ಲ. ಮುಂದಿನ ಭಾನುವಾರವೂ ಬಂದಳು. ಕೊನೆಯ ಸಾಲಿನಲ್ಲಿ, ನೀರಿನ ಫಿಲ್ಟರಿನ ಪಕ್ಕ ಕೂತಳು. ತಿಂಗಳಿಗೊಮ್ಮೆ, ಕರ್ತನ ಭೋಜನದ ದಿನ, ಎಲ್ಲರೂ ಎದ್ದು ಮೇಜಿನ ಬಳಿ ರೊಟ್ಟಿ, ದ್ರಾಕ್ಷಾರಸಕ್ಕೆ ಹೋಗುವಾಗ ಅವಳು ಕೀರ್ತನೆಯ ಪುಸ್ತಕವನ್ನು ಬಿಡಿಸಿ ನೋಡುತ್ತ ಕೂರುತ್ತಿದ್ದಳು. ಹಾಡುಗಳು ಮತ್ತೆ ಎರಡು ದಿಕ್ಕಿಗೆ ಓಡತೊಡಗಿದವು. ಹೀಗೆ ಹತ್ತು ತಿಂಗಳು ಕಳೆಯಿತು.

ಏಪ್ರಿಲ್‌ನಲ್ಲಿ ಕಲ್ಯಾಣ ಪೂರ್ವದ ಮೈದಾನದಲ್ಲಿ ಒಂದು ಫೈನಲ್ ಪಂದ್ಯ. ಸಂಜೆ ಐದೂವರೆ. ಡೊಂಬಿವಲಿ ತಂಡಕ್ಕೂ ಠಾಣೆ ತಂಡಕ್ಕೂ ಜಿದ್ದಾಜಿದ್ದಿ. ಗ್ಯಾಲರಿ ಎಂದರೆ ಬಿದಿರು ಕಟ್ಟಿದ ಹಲಗೆ. ಜನ ಅದರ ಮೇಲೂ, ಅದರ ಕೆಳಗೂ, ಪಕ್ಕದ ಕಟ್ಟಡಗಳ ಬಾಲ್ಕನಿಗಳಲ್ಲೂ. ಮೂವತ್ತೊಂದಕ್ಕೆ ಮೂವತ್ತೊಂದು. ಒಂದೂವರೆ ನಿಮಿಷ ಬಾಕಿ. ಮೈದಾನದ ಮಣ್ಣು ಬಾಯಿಗೆ ಬರುವಷ್ಟು ಗದ್ದಲ. ಮುಖ್ಯ ಪಂಚ ದಯಾನಂದ.

ಠಾಣೆಯ ರೇಡರ್ ಗೆರೆ ದಾಟಲು ಸಿದ್ಧನಾದ. ದಯಾನಂದ ಡೊಂಬಿವಲಿಯ ಕಡೆ ಕಣ್ಣಾಡಿಸಿದ. ಆರು ಜನ. ಮತ್ತೆ ಎಣಿಸಿದ. ಆರೇ. ಏಳಿರಬೇಕಲ್ಲ! ಕಬಡ್ಡಿಯಲ್ಲಿ ಔಟಾದವನು ಮನೆಗೆ ಹೋಗುವುದಿಲ್ಲ. ಅಂಕಣದ ಹಿಂದೆ ಅವರಿಗೆಂದೇ ಗೆರೆ ಎಳೆದ ಜಾಗದಲ್ಲಿ ಕೂರುತ್ತಾನೆ. ಅವನ ತಂಡ ಎದುರಿನವರಲ್ಲಿ ಒಬ್ಬನನ್ನು ಔಟ್ ಮಾಡಿದರೆ, ಕೂತವರಲ್ಲಿ ಮೊದಲು ಕೂತವನು ಎದ್ದು ಒಳಗೆ ಬರುತ್ತಾನೆ. ಡೊಂಬಿವಲಿ ಆಗಲೇ ಒಬ್ಬನನ್ನು ಹಿಡಿದಾಗಿತ್ತು. ಹಾಗಿದ್ದರೆ ಏಳನೆಯವನು ಎಲ್ಲಿ?

ದಯಾನಂದ ಸೀಟಿ ಊದಿ ಗಡಿಯಾರ ನಿಲ್ಲಿಸಿದ. ಮೈದಾನವೇ ಸಿಡಿಯಿತು!

“ಏ ಪಂಚ! ಕಾಯ್ ಝಾಲಂ ರೇ?” ಏನಾಯಿತೋ ಎಂದು ಬಾಲ್ಕನಿಯಿಂದ ಒಬ್ಬ. “ಚಹಾ ಪಾಯಿಜೇ ಕಾ?” ಎಂದು ಇನ್ನೊಬ್ಬ, ಚಹಾ ಬೇಕಾಗಿತ್ತೇನೋ ಎಂದು. ದಯಾನಂದ ಅಂಕ ಬರೆಯುವವನ ಹಾಳೆ ಕಿತ್ತುಕೊಂಡು ಬೆರಳಿಟ್ಟು ಓದಿದ. ತಪ್ಪು ಅಲ್ಲೇ ಇತ್ತು. ಹಿಡಿತದ ಅಂಕ ಬರೆದಿದ್ದರು. ಒಳಗೆ ಬರಬೇಕಾದವನನ್ನು ಬರೆದಿರಲಿಲ್ಲ. ಅಂಕಣದ ಹಿಂದೆ ನೋಡಿದರೆ ಎಡಮೂಲೆಯ ಆಟಗಾರ, ಎರಡಾಳು ಅಗಲದ ಗಂಡಸು, ತಲೆ ತಗ್ಗಿಸಿ, ಮೊಣಕಾಲು ಅಪ್ಪಿಕೊಂಡು ಕೂತಿದ್ದಾನೆ. ಎಂಟು ನಿಮಿಷದಿಂದ!

“ಅರೇ, ಯಾಕೆ ಎದ್ದು ಬರಲಿಲ್ಲ?” ಎಂದು ದಯಾನಂದ ಮರಾಠಿಯಲ್ಲಿ ಗದರಿದ.

ಅವನು ತಲೆ ಎತ್ತಿದ. “ತುಮ್ಹೀ ಬೋಲಾವ್ಲಂಚ್ ನಾಹೀ, ಸರ್.” ನೀವು ಕರೆಯಲೇ ಇಲ್ಲವಲ್ಲ, ಸರ್.

ಠಾಣೆಯ ನಾಯಕ ಕೈ ಬೀಸಿ ಕೂಗಾಡಿದ; ಅವರು ಮರೆತದ್ದಕ್ಕೆ ನಮಗೇನು ಎಂಬುದು ಅವನ ವಾದ. ದಯಾನಂದ ಅವನಿಗೆ ಎದೆಯೆತ್ತರದಲ್ಲಿ ನಿಂತು, ಕೂಡಿಸಿದವನು ನಾನು, ಕರೆಯಬೇಕಾದವನೂ ನಾನು ಎಂದು ಹೇಳಿ, ಮೂಲೆಯವನನ್ನು ಕೈ ಬೀಸಿ ಒಳಗೆ ಕರೆದ. ಗಡಿಯಾರ ಓಡಿತು. ಹುರುಪಿನಿಂದ ಒಳಗೆ ಬಂದ ಆ ಎರಡಾಳು ಅಗಲದವನು ಹತ್ತೇ ಸೆಕೆಂಡಿನಲ್ಲಿ ರೇಡರನ ಮೇಲೆ ಹಾರಿ, ಗೆರೆಯಾಚೆ ಕಾಲಿಟ್ಟು, ಮತ್ತೆ ಔಟಾದ. ದಯಾನಂದನೇ ಔಟ್ ಕೊಟ್ಟ. ಡೊಂಬಿವಲಿ ಒಂದು ಅಂಕದಿಂದ ಸೋತಿತು. ಸೋತ ತಂಡದವರೇ ಬಂದು ದಯಾನಂದನ ಕೈ ಕುಲುಕಿ ಹೋದರು.

ಮನೆಗೆ ಬಂದವನಿಗೆ ಚಪ್ಪಲಿ ಬಿಡುವಷ್ಟು ತಾಳ್ಮೆ ಇರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಸೌಭಾಗ್ಯಳ ಎದುರು ಪಂದ್ಯವನ್ನು ಇಡಿಯಾಗಿ ಆಡಿ ತೋರಿಸಿದ. ಕೂತು ತೋರಿಸಿದ, ಎದ್ದು ತೋರಿಸಿದ, ಬಾಲ್ಕನಿಯವನ ಹಾಗೆ ಕೂಗಿಯೂ ತೋರಿಸಿದ.

“ಎಂಟು ನಿಮಿಷ ಸೌಭಾಗ್ಯಾ! ಎಂಟು ನಿಮಿಷ ಅಂವ ಸುಮ್ನ ಕುಂತಾನ! ಯಾರೂ ಕರದಿಲ್ಲಂತ ಕುಂತಾನ!”

ಸೌಭಾಗ್ಯ ರೊಟ್ಟಿ ತಿರುವಿ ಹಾಕಿದಳು. “ನಿಮ್ಮ ಸಭಾದಾಗ ಆ ರಮಿತಾ ಹತ್ತು ತಿಂಗಳಾತು ನೀರಿನ ಫಿಲ್ಟರ್ ಹಂತ್ಯಾಕ ಕುಂತಾಳ. ಅಕಿನ್ನ ಯಾರು ಕರೀಬೇಕ್ರೀ? ಅಂಕ ಬರಿಯಾಂವ ಏನು?”

ದಯಾನಂದ ಚಪ್ಪಲಿ ಬಿಚ್ಚಿದ. ಬಿಚ್ಚಿ, ಬಾಗಿಲಲ್ಲೇ ಕೂತ. ರೊಟ್ಟಿ ತಣ್ಣಗಾಯಿತು.

ಮರುದಿನ ಟಿಟ್ವಾಳಾಕ್ಕೆ ಹೋದ. ರಮಿತಾಳಿಗೆ ಅಂದು ರಜೆ. ಅವಳು ಬಾಗಿಲು ತೆರೆದು, ಅವನನ್ನು ನೋಡಿ, ಇನ್ನೇನು ಬಾಕಿ ಎಂಬಂತೆ ನಿಂತಳು. ಒಳಗೆ ಪಕ್ಕದ ಮನೆಯ ಮಹಾದೇವಕ್ಕ ಕೂತಿದ್ದಳು. ವಿಜಯಪುರ ಕಡೆಯ ಮುದುಕಿ, ಹಣೆತುಂಬ ವಿಭೂತಿ, ಕಾಲು ಚಾಚಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

ದಯಾನಂದ ನೀರು ಕುಡಿದ. ಆಮೇಲೆ ಹತ್ತು ತಿಂಗಳ ಹಿಂದೆ ಕೇಳಬೇಕಾಗಿದ್ದನ್ನು ಕೇಳಿದ. “ರಮಿತಾ, ಅವತ್ತು ಯಾಕ ಹೋಗಿದ್ದಿ ಗುಡಿಗೆ?”

ರಮಿತಾ ಬಾಯಿ ತೆರೆಯುವ ಮೊದಲೇ ಮಹಾದೇವಕ್ಕ ಬೆಳ್ಳುಳ್ಳಿ ಕೆಳಗಿಟ್ಟಳು. “ನನ್ನ ಸಲುವಾಗಿ ಹೋಗಿದ್ಳೋ ಯಪ್ಪಾ! ಈ ಹುಡುಗಿ ಕರೋನಾದಾಗ ಆಸ್ಪತ್ರೆಯೊಳಗ ಬಿದ್ದಿದ್ಳು. ಹದಿನೇಳು ದಿನ. ಈ ಕೂಸು ತೃಪ್ತಿ ನನ್ನ ಮಗ್ಗಲದಾಗ ಮಲಗಿ ಅಳತಿತ್ತು. ನಾನು ಗಣಪ್ಪಗ ಬೇಡಿಕೊಂಡ್ನಿ, ಇಕಿ ಎದ್ದು ಬಂದ್ರ ಮಂಗಳವಾರದ ಸಂಕಷ್ಟಿಗೆ ಸರದಿಯೊಳಗ ನಿಂತು ಕಾಯಿ ಕೊಡ್ತೀನಂತ. ಇಕಿ ಬಂದ್ಳು. ನನ್ನ ಮೊಣಕಾಲು ಹೋದ್ವು! ಮೂರು ವರ್ಷ ಹರಕಿ ತಲಿ ಮ್ಯಾಲ ಹೊತ್ತು ಕುಂತಿದ್ನಿ. ನಾಲ್ಕು ತಾಸು ನಿಂದ್ರಾಕ ನನಗ ಆಗೂದಿಲ್ಲ, ನೀನ ನಿಂದ್ರು ಅಂತ ನಾನ ಕಳಿಸೀನಿ.”

ದಯಾನಂದ ರಮಿತಾಳ ಕಡೆ ನೋಡಿದ. “ಇದನ್ನ ಅವತ್ತ ಹೇಳಬಾರದಿತ್ತಾ?”

“ಹೇಳಿದ್ರೆ ಅಜ್ಜಿ ಹೆಸರು ನಿಮ್ಮ ಮೀಟಿಂಗಿಗೆ ಬರ್ತಿತ್ತು ಅಂಕಲ್. ಅವರ ಹರಕೆ ಸರಿಯಾ ತಪ್ಪಾ ಅಂತ ನೀವು ಆರು ಜನ ಕೂತು ಮಾತಾಡ್ತಿದ್ರಿ. ನಂಗೆ ಅದು ಬೇಡ ಇತ್ತು.”

“ಕೈ ಮುಗಿದದ್ದು?”

“ಮುಗಿದದ್ದು ಹೌದು. ಯಾರಿಗೆ ಅಂತ ನಂಗೇ ಗೊತ್ತಿಲ್ಲ. ನಾಲ್ಕು ಗಂಟೆ ನಿಂತು ಮುಂದೆ ಹೋದಾಗ ಕೈ ತಾನೇ ಎದ್ದಿತು. ನಾನು ಬದುಕಿದ್ದೇನಲ್ಲ ಅಂತ ಅಳು ಬಂತು. ಅದಕ್ಕೆ ತಪ್ಪಾಯ್ತು ಅಂತ ಸಭೆಯ ಎದುರು ಹೇಳು ಅಂದ್ರೆ ನನ್ನಿಂದ ಆಗೋದಿಲ್ಲ. ಸುಳ್ಳು ಹೇಳಿ ರೊಟ್ಟಿ ತಿನ್ನೋದು ಹೇಗೆ?”

ಮಗಳು ತೃಪ್ತಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿದಳು. ಹದಿನಾರು ವರ್ಷ. ಮೇ ತಿಂಗಳ ಮೂರನೆಯ ಭಾನುವಾರ ಅವಳ ದೃಢೀಕರಣ. ಅಂದರೆ ವಿಶ್ವಾಸವನ್ನು ತಾನೇ ಬಾಯಿಬಿಟ್ಟು ಹೇಳಿ, ಮೊದಲ ಸಲ ಮೇಜಿನ ಬಳಿ ಹೋಗುವ ದಿನ. ಆ ದಿನ ಮಕ್ಕಳು ಹೆತ್ತವರ ಪಕ್ಕದಲ್ಲೇ ನಿಂತು ರೊಟ್ಟಿ ತೆಗೆದುಕೊಳ್ಳುವುದು ಸಭೆಯ ರೂಢಿ. “ಮಮ್ಮಿ ನಹೀ ಲೇಗೀ ತೋ ಮೈ ಭೀ ನಹೀ ಲೂಂಗೀ” ಎಂದಳು. ಅಮ್ಮ ತೆಗೆದುಕೊಳ್ಳದಿದ್ದರೆ ತಾನೂ ಇಲ್ಲ. ಹೇಳಿ ಒಳಗೆ ಹೋದಳು. ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ದಯಾನಂದನನ್ನು ಹೆದರಿಸಿತು. ಈ ಮಗು ಬಾಗಿಲಾಚೆ ಹೋದರೆ ಮತ್ತೆ ಬರುವುದಿಲ್ಲ ಎಂದು ಅವನಿಗೆ ಗೊತ್ತಾಯಿತು.

ಅಂದಿನಿಂದ ದಯಾನಂದ ಸುಮ್ಮನೆ ಕೂರಲಿಲ್ಲ. ಕಮಲಾಕ್ಷರ ಮನೆಗೆ ಮೂರು ಸಲ ಹೋದ. ಮೂರನೆಯ ಸಲ ಇಬ್ಬರೂ ಎಷ್ಟು ಜೋರಾಗಿ ಮಾತಾಡಿದರೆಂದರೆ ಕೆಳಗಿನ ಮನೆಯವರು ಬಂದು ಬೆಲ್ ಒತ್ತಿದರು.

“ಅಲ್ಲ ಮಾರಾಯ, ಗೆರೆಯೇ ಬೇಡ ಅಂತೀಯಾ?” ಎಂದರು ಕಮಲಾಕ್ಷ. “ನಮ್ಮ ಮಕ್ಕಳು ನಾಲ್ಕು ಭಾಷೆಯ ಮಧ್ಯೆ, ಹತ್ತು ದೇವರ ಮಧ್ಯೆ ಬೆಳೀತಿದ್ದಾವೆ. ನಾವು ಯಾರು ಅಂತ ಹೇಳುವವರು ಬೇಡ್ವಾ? ತೀರ್ಪು ಮಾಡಬೇಡಿ ಅಂತ ಯೇಸು ಹೇಳಿದ್ದು ಹೌದು. ಆದ್ರೆ ಹಣ್ಣು ನೋಡಿ ಮರ ಗುರುತಿಸಿ ಅಂತ ಹೇಳಿದ್ದೂ ಅವನೇ ಅಲ್ವಾ?”

“ಗುರುತಿಸು ಅಂದಾನ್ರೀ. ಕಡೀ ಅಂದಿಲ್ಲ!” ದಯಾನಂದ ಎದ್ದೇ ನಿಂತಿದ್ದ. “ಗೆರಿ ಬ್ಯಾಡ ಅಂತ ನಾನೆಲ್ಲಿ ಅಂದೆ? ಗೆರಿ ಇಲ್ದ ಕಬಡ್ಡಿ ಆಗೂದಿಲ್ಲ. ಆದ್ರ ಪಂಚ ಆದಾಂವ ಕಾಲು ಎಲ್ಲಿ ಬಿತ್ತು ಅಂತ ಹೇಳಬೇಕು. ಮನಶಾ ಎಂಥಾಂವ ಅಂತ ಹೇಳೂದು ಅವನ ಕೆಲಸ ಅಲ್ಲ. ನಾನು ಕಾಲೂ ನೋಡ್ಲಿಲ್ಲ, ಕಣ್ಣಿಂದ ಏನೂ ನೋಡ್ಲಿಲ್ಲ. ಒಂದು ಮೊಬೈಲ್ ನೋಡಿ ಸೀಟಿ ಊದೀನಿ! ನಿಮ್ಮ ಪುಸ್ತಕದಾಗ ಹೊರಗ ಹಾಕೂ ಕಲಮು ಎಷ್ಟದಾವ? ಒಂಬತ್ತು. ಒಳಗ ಕರಿಯೂವು?”

“ಒಂದು” ಎಂದರು ಕಮಲಾಕ್ಷ, ಮುಖ ಸಣ್ಣದು ಮಾಡಿ. ಟೈಪು ಮಾಡಿದ ಆ ಪುಸ್ತಕ ತೆಗೆದು ಓದಿದರು. ತಪ್ಪಿದವರು ಮೇಜಿನ ಮುಂದಿನ ಮೆಟ್ಟಿಲ ಕೆಳಗೆ ನಿಲ್ಲಬೇಕು. ತಪ್ಪನ್ನು ತಮ್ಮ ಬಾಯಿಂದ ಹೇಳಬೇಕು. ಸೇರಿಸಿಕೊಳ್ಳುತ್ತೀರೋ ಎಂದು ಸಭಾಪಾಲಕರು ಕೇಳಬೇಕು. ಆಗ ಸಭೆಯಲ್ಲಿ ಪೂರ್ಣ ಅನ್ಯೋನ್ಯತೆಯಲ್ಲಿರುವ, ಅಂದರೆ ಕರ್ತನ ಭೋಜನದ ಹಕ್ಕಿರುವ, ಒಬ್ಬರು ಬಂದು ಬಲಗೈ ಕೊಡಬೇಕು. ಆ ಹೆಸರು ಪುಸ್ತಕದಲ್ಲಿ ದಾಖಲಾಗಬೇಕು. “ಅವಳು ಬಂದು ನಿಲ್ಲಲಿ. ಎರಡು ಮಾತು. ನಾನೇ ಮೊದಲು ಕೈ ಕೊಡ್ತೇನೆ.”

“ಅಕಿ ನಿಂದ್ರೂದಿಲ್ಲ.”

“ಹಾಗಾದ್ರೆ ನನ್ನ ಕೈಯಲ್ಲಿ ಏನುಂಟು ಹೇಳು?”

ದಯಾನಂದ ಚಪ್ಪಲಿ ಮೆಟ್ಟಿ ಹೊರಟ. ಮೆಟ್ಟಿಲಿಳಿಯುವಾಗ ಸಹ ಅವನಿಗೆ ಉತ್ತರ ತಿಳಿದಿರಲಿಲ್ಲ. ರೈಲಿನಲ್ಲಿ, ಡೊಂಬಿವಲಿ ಮತ್ತು ಠಾಕುರ್ಲಿಯ ನಡುವೆ, ಬಾಗಿಲ ಕಂಬ ಹಿಡಿದು ನಿಂತವನಿಗೆ ಹೊಳೆಯಿತು. ಆ ಮೆಟ್ಟಿಲ ಕೆಳಗೆ ನಿಲ್ಲಬೇಕಾದವರು ಒಬ್ಬರು ಇದ್ದೇ ಇದ್ದರು! ಪಕ್ಕದವನ ಕಾಲು ತುಳಿದು ಅವನ ಬೈಗುಳ ತಿಂದು, ಅವನಿಗೆ ನಗುತ್ತ ಧನ್ಯವಾದ ಹೇಳಿದ.

ಮೇ ತಿಂಗಳ ಮೂರನೆಯ ಭಾನುವಾರ ಹಾಲ್ ಕಾದ ಹೆಂಚಿನಂತಿತ್ತು. ಐದು ಮಕ್ಕಳ ದೃಢೀಕರಣ. ಮೊದಲ ಸಾಲಿನಲ್ಲಿ ತೃಪ್ತಿ, ಬಿಳಿ ಸಲ್ವಾರ್, ತುಟಿ ಬಿಗಿದುಕೊಂಡು. ಕೊನೆಯ ಸಾಲಿನಲ್ಲಿ ರಮಿತಾ; ಅವಳ ಪಕ್ಕದಲ್ಲಿ ಮಹಾದೇವಕ್ಕ, ಕೂಸಿನ ಹಬ್ಬ ನೋಡಲು ಆಟೋ ಮಾಡಿಕೊಂಡು ಬಂದವಳು, ವಿಭೂತಿ ಹಾಗೆಯೇ. ಸಭಾಪಾಲಕರು ಠಾಣೆಯಿಂದ ಬಂದಿದ್ದರು. ಮಕ್ಕಳು ಹೇಳಬೇಕಾದ್ದನ್ನು ಹೇಳಿದರು. ತೃಪ್ತಿಯ ಕನ್ನಡ ಎರಡು ಕಡೆ ಮರಾಠಿಯಾಯಿತು, ಯಾರೂ ತಿದ್ದಲಿಲ್ಲ. ಆಮೇಲೆ ಸಭಾಪಾಲಕರು ಮೇಜಿನ ಬಿಳಿ ಬಟ್ಟೆ ಸರಿಸಿ, ಯಾರ ಮನಸ್ಸಿನಲ್ಲಾದರೂ ಭಾರವಿದ್ದರೆ ಈಗ ಹೇಳಬಹುದು ಎಂದರು. ಪ್ರತಿ ಸಲ ಅನ್ನುವ ಮಾತು. ಪ್ರತಿ ಸಲ ಯಾರೂ ಏಳುವುದಿಲ್ಲ.

ಹಿರಿಯರ ಬೆಂಚಿನಿಂದ ದಯಾನಂದ ಎದ್ದ. ಕುಂಟುತ್ತ ಬಂದು ಮೆಟ್ಟಿಲ ಕೆಳಗೆ, ತಪ್ಪಿದವರು ನಿಲ್ಲುವ ಜಾಗದಲ್ಲಿ, ಸಭೆಗೆ ಮುಖ ಮಾಡಿ ನಿಂತ. ಬೀಸಣಿಗೆಗಳು ನಿಂತವು.

“ನಾನು ಕಳೆದ ಜೂನದಾಗ ಒಬ್ಬಾಕಿ ಮ್ಯಾಲೆ ತೀರ್ಪು ಕೊಟ್ಟೀನಿ” ಎಂದ. ಮೈದಾನದಲ್ಲಿ ಮೂರು ಬೀದಿ ಕೇಳುತ್ತಿದ್ದ ದನಿ ಈಗ ಎರಡನೆಯ ಸಾಲಿಗೆ ಮುಟ್ಟುವುದೇ ಕಷ್ಟ. “ಮೂವತ್ತೊಂದು ವರ್ಷ ಸೀಟಿ ಊದೀನಿ. ನೋಡಾಕ ಬಂದವರ ಮೊಬೈಲ್ ನೋಡಿ ಒಮ್ಮೆನೂ ಔಟ್ ಕೊಟ್ಟಿಲ್ಲ. ಇಲ್ಲಿ ಕೊಟ್ಟೆ. ಯಾಕ ಅಂತ ಕೇಳ್ಲಿಲ್ಲ. ನಾನು ಔಟ್ ಅಂದಾಗ ಇಬ್ಬರು ನಕ್ಕರು. ನನಗ ಖುಷಿ ಆತು. ಒಬ್ಬ ಮನಶಾನ್ನ ಹೊರಗ ಹಾಕಿ ನನಗ ಖುಷಿ ಆತು. ಆ ಖುಷಿ ನನ್ನ ಪಾಪ. ಅದನ್ನ ಒಪ್ಪಿಕೊಂಡು ನಿಂತೀನಿ. ನನ್ನ ಸೇರಿಸಿಕೊಳ್ರಿ.”

ಸಭಾಪಾಲಕರು ಮೇಜಿನಿಂದ ಒಂದು ಹೆಜ್ಜೆ ಮುಂದೆ ಬಂದರು. ಆಮೇಲೆ ಪುಸ್ತಕದಲ್ಲಿದ್ದಂತೆಯೇ ಕೇಳಿದರು: “ಈ ಸಹೋದರನನ್ನು ಸೇರಿಸಿಕೊಳ್ಳುತ್ತೀರೋ?”

ಕೊನೆಯ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ರಮಿತಾ ಎದ್ದಿದ್ದಳು. ನಡುವಿನ ದಾರಿಯಲ್ಲಿ ಬಂದಳು. ಓಡಲಿಲ್ಲ, ನಿಧಾನವಾಗಿಯೂ ಬರಲಿಲ್ಲ, ಆಸ್ಪತ್ರೆಯ ವಾರ್ಡಿನಲ್ಲಿ ಕರೆದ ಹಾಸಿಗೆಗೆ ಹೋಗುವ ನಡಿಗೆ. ದಯಾನಂದನ ಎದುರು ನಿಂತು ಬಲಗೈ ಚಾಚಿದಳು. ಅವನು ಎರಡೂ ಕೈಯಿಂದ ಹಿಡಿದುಕೊಂಡ.

ಆಗ ಕಮಲಾಕ್ಷ ಕುರ್ಚಿಯಿಂದ ಅರ್ಧ ಎದ್ದರು. ಹಾಲ್‌ನಲ್ಲಿದ್ದ ದೊಡ್ಡವರಿಗೆಲ್ಲ ಆ ಕ್ಷಣಕ್ಕೇ ಅರ್ಥವಾಗಿತ್ತು. ಕೈ ಕೊಡುವವರು ಪೂರ್ಣ ಅನ್ಯೋನ್ಯತೆಯಲ್ಲಿರಬೇಕು. ರಮಿತಾ ಹೊರಗಿನವಳು. ಅವಳ ಕೈ ಸಲ್ಲದು ಎಂದರೆ ದಯಾನಂದ ಅಲ್ಲೇ ನಿಂತಿರಬೇಕು. ಸಲ್ಲುತ್ತದೆ ಎಂದರೆ ಅವಳು ಒಳಗೆ ಬಂದಾಯಿತು! ದಯಾನಂದ ಇದನ್ನು ಲೆಕ್ಕ ಹಾಕಿರಲಿಲ್ಲ. ಅವನು ಬಂದದ್ದು ಒಪ್ಪಿಕೊಳ್ಳಲಿಕ್ಕೆ ಮಾತ್ರ. ಅವನ ಬಾಯಿ ಸ್ವಲ್ಪ ತೆರೆದುಕೊಂಡೇ ಇತ್ತು. ನಲವತ್ತು ಮನೆಗಳ ಜನ ಕಮಲಾಕ್ಷರನ್ನೇ ನೋಡುತ್ತಿದ್ದರು. ತೃಪ್ತಿ ಕೂಡ.

ಕಮಲಾಕ್ಷ ಅರ್ಧ ಎದ್ದವರು ಹಾಗೆಯೇ ನಿಂತಿದ್ದರು. ಕೈಯಲ್ಲಿ ದಾಖಲೆ ಪುಸ್ತಕ. ಅದನ್ನು ತೆರೆದರು.

“ಕೈ ಕೊಟ್ಟವರ ಹೆಸರು ಬರೀಬೇಕು. ನಿಯಮ ಉಂಟಲ್ಲ” ಎಂದರು. ಕೂತರು. ಪೆನ್ನು ತೆಗೆದು, ಎಲ್ಲರಿಗೂ ಕೇಳುವಂತೆ ಹೇಳುತ್ತ ಬರೆದರು: “ರಮಿತಾ. ಟಿಟ್ವಾಳಾ.”

ಹಾಲ್ ಎದ್ದು ನಿಂತಿತು!

“ಮಮ್ಮೀ!” ಎಂದು ತೃಪ್ತಿ ಕೂಗಿದಳು. ಯಾರೋ ಚಪ್ಪಾಳೆ ಹೊಡೆದರು. ಆ ಹಾಲ್‌ನಲ್ಲಿ ಆರಾಧನೆಯ ಮಧ್ಯೆ ಚಪ್ಪಾಳೆ ಅದೇ ಮೊದಲು. ಏನಾಯಿತೆಂದು ತಿಳಿಯದೆ ಮಹಾದೇವಕ್ಕ ಪಕ್ಕದವರ ತೋಳು ಹಿಡಿದು “ಗೆದ್ದವೇನು? ಗೆದ್ದವೇನು?” ಎಂದು ಕೇಳುತ್ತಿದ್ದಳು. ತಾಯಿ ಮಗಳು ಒಟ್ಟಿಗೆ ಮೇಜಿನ ಬಳಿ ನಿಂತರು. ಬಟ್ಟಲುಗಳ ತಟ್ಟೆ ಹಿಡಿದು ಸಾಲಿನಲ್ಲಿ ಬಂದವನು ದಯಾನಂದ. ಅವನ ಕುಂಟು ನಡಿಗೆಗೆ ಬಟ್ಟಲುಗಳು ಕಿಣಿಕಿಣಿ ಎನ್ನುತ್ತಿದ್ದವು. ಕೊನೆಯ ಕೀರ್ತನೆಗೆ ರಮಿತಾ ಹಾರ್ಮೋನಿಯಂ ಎದುರು ಕೂತಳು. ಆದರೂ ಆ ದಿನ ಗದಗದವರೂ ಮೂಲ್ಕಿಯವರೂ ಕೂಡಲಿಲ್ಲ. ಎಲ್ಲರೂ ಓಡಿಸಿಯೇ ಹಾಡಿದರು, ಅವಳನ್ನೂ ಹಿಂದೆ ಹಾಕಿ.

ಚಹಾದ ಹೊತ್ತಿಗೆ ಕಮಲಾಕ್ಷ ದಯಾನಂದನನ್ನು ಮೆಟ್ಟಿಲ ಬಳಿಗೆ ಕರೆದೊಯ್ದು ಪುಸ್ತಕದ ಹಳೆಯ ಹಾಳೆಯೊಂದನ್ನು ತೆರೆದರು.

“ಇನ್ನೊಂದು ಹೆಸರು ಉಂಟು ಮಾರಾಯ. ನೆನಪೇ ಹೋಗಿತ್ತು. ಗುರುವಪ್ಪ. ಉಲ್ಹಾಸನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಹದಿನಾಲ್ಕು ವರ್ಷ ಆಯ್ತು. ಹೊರಗೆ ಅಂತ ಬರ್ದಿದೆ. ಯಾಕೆ ಅಂತ ಬರ್ದಿಲ್ಲ. ನನ್ನದೇ ಅಕ್ಷರ.”

“ನಾಳಿಗೆ ಹೋಗ್ತೀನಿ” ಎಂದ ದಯಾನಂದ, ಬಾಯಲ್ಲಿ ಬಟಾಟಾ ವಡೆ ಇಟ್ಟುಕೊಂಡೇ.

“ನಾಳಿಗೆ ರೇಷನ್ ತರೂದೈತಿ” ಎಂದಳು ಸೌಭಾಗ್ಯ.

“ಅದನ್ನೂ ತರ್ತೀನಿ ಬಿಡ. ಇಂವ ಹದಿನಾಲ್ಕು ವರ್ಷ ಕುಂತಾನ!”

ಸೋಮವಾರ ಸಂಜೆ ಐದೂಮುಕ್ಕಾಲಿಗೆ ಅವನು ಉಲ್ಹಾಸನಗರದ ಆ ಅಂಗಡಿ ಹುಡುಕಿಕೊಂಡು ಹೋದ. ಎರಡು ಮೆಷಿನ್, ಗೋಡೆತುಂಬ ಶಾಲೆಯ ಸಮವಸ್ತ್ರಗಳು, ಜೂನ್ ಹತ್ತಿರವಾಗಿತ್ತು. ಗುರುವಪ್ಪ ತಲೆ ಎತ್ತಿ ನೋಡಿ, ಗುರುತು ಹಿಡಿದು, ಮತ್ತೆ ತಗ್ಗಿಸಿದ.

“ಏನ್ರಿ ದಯಾನಂದಣ್ಣಾ, ನನ್ನ ಮ್ಯಾಲ ಮತ್ತ ಏನಾರ ಬಂತೇನು?”

“ಏನೂ ಬಂದಿಲ್ಲ. ಅವತ್ತು ಏನಾತು ಅಂತ ನಿನ್ನ ಕೇಳಾಕ ಬಂದೀನಿ.”

ಗುರುವಪ್ಪ ನಂಬಲಿಲ್ಲ. ಒಂದು ಅಂಗಿಯ ಎರಡೂ ತೋಳು ಹೊಲಿದ. ಕಾಲರ್ ಹಚ್ಚಿದ. ದಯಾನಂದ ಸ್ಟೂಲಿನ ಮೇಲೆ ಕೂತೇ ಇದ್ದ. ಮೂರನೆಯ ಗುಂಡಿಯ ಹೊತ್ತಿಗೆ ಗುರುವಪ್ಪ ಮೆಷಿನ್ ನಿಲ್ಲಿಸಿ, ಬಟ್ಟೆಯ ಮೇಲೆ ಕಣ್ಣಿಟ್ಟು, ತನಗೇ ಹೇಳಿಕೊಳ್ಳುವಂತೆ ಮಾತು ಶುರುಮಾಡಿದ. ದನಿ ಬಹಳ ಸಣ್ಣದು. ತಲೆಯ ಮೇಲಿನ ಫ್ಯಾನು ಗಡಗಡ ಎನ್ನುತ್ತಿತ್ತು. ದಯಾನಂದ ಎದ್ದು, ಆ ಸೆಕೆಯಲ್ಲಿ ಫ್ಯಾನು ಆರಿಸಿ, ಸ್ಟೂಲನ್ನು ಮೆಷಿನ್ನಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಕಿವಿಗೆ ಕೈ ಹಿಡಿದು ಕೂತ.